ನಂಬಿದವರಿಗೆ ಧೈರ್ಯ ಎಲ್ಲಿಂದ ಬರುತ್ತದೆ

ಹಾಸನಾಂಬೆಯ ಗುಡಿಯ ಬಾಗಿಲು ವರ್ಷಕ್ಕೊಮ್ಮೆ, ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ ತೆರೆಯುತ್ತದೆ. ಬಲಿಪಾಡ್ಯಮಿ ಮುಗಿಯುತ್ತಿದ್ದಂತೆ ಮತ್ತೆ ಮುಚ್ಚಿಕೊಳ್ಳುತ್ತದೆ. ಆಮೇಲೆ ಹುಂಡಿ ಎಣಿಕೆ ಶುರುವಾದಾಗ ನೋಟು, ನಾಣ್ಯ, ಚಿನ್ನದ ಚೂರುಗಳ ನಡುವೆ ಚೀಟಿಗಳೂ ಸಿಗುತ್ತವೆ. ಪರೀಕ್ಷೆ ಪಾಸಾಗಲಿ, ಮಗಳಿಗೆ ಗಂಡು ಕೂಡಿಬರಲಿ, ಸಾಲ ತೀರಲಿ, ಕೆಲಸ ಸಿಗಲಿ, ನಮ್ಮ ನಾಯಕರು ಗೆಲ್ಲಲಿ ಎಂಬ ಚೀಟಿಗಳವು. ಪತ್ರಿಕೆಗಳು ಪ್ರತಿವರ್ಷ ಇವುಗಳಲ್ಲಿ ವಿಚಿತ್ರವಾದವನ್ನು ಆರಿಸಿ ನಗುನಗುತ್ತಾ ಅಚ್ಚು ಹಾಕುತ್ತವೆ. ನಗುವುದು ಸುಲಭ. ನನಗೆ ಕುತೂಹಲ ಇರುವುದು ಬೇರೆಡೆ. ಈ ಸುದ್ದಿಗಳಲ್ಲಿ ‘ಧೈರ್ಯ ಕೊಡು ತಾಯೇ’ ಎಂದಷ್ಟೇ ಬರೆದ ಚೀಟಿಯನ್ನು ನಾನು ಕಂಡದ್ದಿಲ್ಲ. ಜನ ಕೇಳುವುದು ಕಷ್ಟ ತೊಲಗಲಿ ಎಂದು. ಕಷ್ಟವನ್ನು ಎದುರಿಸುವ ಎದೆ ಬೇಕು ಎಂದು ಯಾರೂ ಕಾಗದ ಖರ್ಚು ಮಾಡುವುದಿಲ್ಲ.

ಹಾಗಾದರೆ ಕಷ್ಟ ತೊಲಗದೆ ಉಳಿದಾಗ ದೇವರ ಮೇಲಿನ ನಂಬಿಕೆ ಏನು ಕೊಡುತ್ತದೆ? ಏನಾದರೂ ಕೊಡುತ್ತದೆಯೇ? ಪ್ರಶ್ನೆ ಹಳೆಯದು, ಲೋಕದ ಎಲ್ಲ ಕಡೆಯೂ ಇರುವಂಥದು. ಆದರೆ ಚನ್ನರಾಯಪಟ್ಟಣ ತಾಲ್ಲೂಕು ಮತ್ತು ಸುತ್ತಲಿನ ಸೀಮೆಯಲ್ಲಿ ಇದಕ್ಕೆ ಸುಮಾರು ಸಾವಿರದ ನಾನೂರು ವರ್ಷಗಳ ದಾಖಲೆ ಇದೆ, ಅದೂ ಒಂದಕ್ಕೊಂದು ಒಪ್ಪದ ಉತ್ತರಗಳೊಡನೆ. ಅವನ್ನೆಲ್ಲ ಒಮ್ಮೆ ಸುತ್ತಿ ಬರಬಹುದು.

ಮೊದಲು ಹರಕೆ. ನಮ್ಮ ಕಡೆ ಮಗುವಿಗೆ ಜ್ವರ ಬಿಡದಿದ್ದರೆ, ಕೋರ್ಟು ವ್ಯಾಜ್ಯ ಮುಗಿಯದಿದ್ದರೆ, ಅರಿಶಿನದ ಬಟ್ಟೆಯಲ್ಲಿ ಒಂದು ನಾಣ್ಯ ಕಟ್ಟಿ ದೇವರ ಗೂಡಿನಲ್ಲಿ ಮುಡಿಪು ಇಡುತ್ತಾರೆ. ತಿರುಪತಿಗೋ ಧರ್ಮಸ್ಥಳಕ್ಕೋ ಮನೆದೇವರಿಗೋ ಅದು ಸಲ್ಲಬೇಕು. ವಿದ್ಯಾವಂತರು ಇದನ್ನು ದೇವರಿಗೆ ಕೊಡುವ ಲಂಚ ಎಂದು ಹೀಗಳೆಯುವುದುಂಟು. ನಾನು ಹಾಗೆ ನೋಡಲಾರೆ. ಲಂಚವನ್ನು ಯಾರೂ ಕೆಲಸ ಮುಗಿದು ವರ್ಷವಾದ ಮೇಲೆ, ಊರಿಗೆಲ್ಲ ಊಟ ಹಾಕಿ ಕೊಡುವುದಿಲ್ಲ. ಮುಡಿಪು ಮಾಡುವ ಮುಖ್ಯ ಕೆಲಸವೆಂದರೆ ಗೊತ್ತುಗುರಿಯಿಲ್ಲದ ಭಯಕ್ಕೆ ಒಂದು ಲೆಕ್ಕ ಕೊಡುವುದು. ಇಷ್ಟು ದಿನದಲ್ಲಿ ಇಷ್ಟು ಸಲ್ಲಿಸುತ್ತೇನೆ ಎಂದುಕೊಂಡವಳಿಗೆ ಇವತ್ತು ರಾತ್ರಿ ಕಳೆಯಲು ಒಂದು ಆಸರೆ ಸಿಗುತ್ತದೆ. ದೇವರ ಬಲಗಡೆಯಿಂದ ಹೂ ಬೀಳಲಿ ಎಂದು ಕಾಯುವ ಅಪ್ಪಣೆಯೂ ಹೀಗೆಯೇ. ಕೊಳವೆಬಾವಿ ಕೊರೆಸುವುದೋ ಬೇಡವೋ ಎಂದು ತಿಂಗಳುಗಟ್ಟಲೆ ತೂಗಾಡಿದ ರೈತ ಹೂ ಬಿದ್ದ ಮೇಲೆ ಸಾಲಕ್ಕೆ ಸಹಿ ಹಾಕುತ್ತಾನೆ, ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನಡೆಯುವವನಿಂದ ಪಾಯಿಂಟ್ ಮಾಡಿಸುತ್ತಾನೆ. ನೀರು ಬರುವುದಕ್ಕೂ ಹೂವಿಗೂ ಸಂಬಂಧವಿಲ್ಲ. ಆದರೆ ತೀರ್ಮಾನ ಆಯಿತು. (ಹೊಳೆನರಸೀಪುರದ ರಾಜಕಾರಣದಲ್ಲಿ ನಿಂಬೆಹಣ್ಣಿಗೆ ಬಂದಿರುವ ಪ್ರಸಿದ್ಧಿ ಇಡೀ ರಾಜ್ಯಕ್ಕೆ ಗೊತ್ತು. ಅದರ ಬಗ್ಗೆ ವಿಧಾನಸೌಧದವರೆಗೂ ತಮಾಷೆ ನಡೆದಿದೆ. ಅದೂ ಇದೇ ಜಾತಿಯ ಧೈರ್ಯ. ಅಧಿಕಾರದಲ್ಲಿರುವವರಿಗೂ ಬೇಕಾಗುತ್ತದೆ ಎಂಬುದಷ್ಟೇ ಹೊಸದು.)

ಹರಕೆಯ ದೋಷ ಇರುವುದು ಅದು ಈಡೇರದಾಗ. ದೇವರು ಸೋತ ಎಂದು ಯಾರೂ ಹೇಳುವುದಿಲ್ಲ. ಎಲ್ಲೋ ಮೈಲಿಗೆಯಾಗಿರಬೇಕು, ಹಳೇ ಹರಕೆ ಯಾವುದೋ ಮರೆತಿರಬೇಕು, ಮನೆಯಲ್ಲಿ ಯಾರದೋ ಪಾಪ ಇರಬೇಕು ಎಂದು ತಪ್ಪೆಲ್ಲ ಹೊತ್ತುಕೊಂಡವಳ ತಲೆಗೇ ಬರುತ್ತದೆ. ಮಗುವನ್ನು ಕಳೆದುಕೊಂಡ ತಾಯಿಗೆ ಅಪರಾಧದ ಭಾರವೂ ಸೇರುತ್ತದೆ. ಈ ಮಾತಿಗೆ ಮುಂದೆ ಬರುತ್ತೇನೆ.

ಎರಡನೆಯ ಉತ್ತರ ನರಸಿಂಹನದು. ಹೊಳೆನರಸೀಪುರದ ಹೆಸರಿನಲ್ಲೇ ಆ ದೇವರಿದ್ದಾನೆ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ ಬೊಮ್ಮಣ್ಣ ದಂಡನಾಯಕ 1246ರಲ್ಲಿ, ಹೊಯ್ಸಳ ಸೋಮೇಶ್ವರನ ಕಾಲಕ್ಕೆ, ಲಕ್ಷ್ಮೀನರಸಿಂಹನಿಗೆ ತ್ರಿಕೂಟ ಕಟ್ಟಿಸಿದ. ಗುಡಿಯ ಹೊರಗೋಡೆಯಲ್ಲಿ ಒಂದು ಪಕ್ಕ ಬೈಚೋಜ, ಇನ್ನೊಂದು ಪಕ್ಕ ಮಲ್ಲಿತಮ್ಮ ಕೈಯಾಡಿಸಿದ್ದಾರೆ. ನರಸಿಂಹನ ಗುಡಿಗೆ ಹೋದವರೆಲ್ಲ ಕಂಬ ಒಡೆದದ್ದನ್ನೇ ನೆನೆಯುತ್ತಾರೆ. ಕತೆಯ ಕ್ರಮವನ್ನು ಗಮನಿಸಿದರೆ ಕಂಬ ಒಡೆಯುವುದು ಕೊನೆಗೆ. ಅದಕ್ಕೆ ಮೊದಲು ಹುಡುಗ ಪ್ರಹ್ಲಾದ ವಿಷ, ಹಾವು, ಆನೆ, ಬೆಂಕಿ ಎಲ್ಲವನ್ನೂ ದಾಟಿ ಬಂದಿದ್ದಾನೆ, ಕಾಪಾಡುವವನ ಮುಖವನ್ನು ಒಮ್ಮೆಯೂ ಕಾಣದೆ. ಭಾಗವತದ ಏಳನೆಯ ಸ್ಕಂಧದಲ್ಲಿ ಇನ್ನೊಂದು ತಿರುವಿದೆ. ಹಿರಣ್ಯಕಶಿಪು ಸತ್ತ ಮೇಲೂ ನರಸಿಂಹನ ಕೋಪ ಇಳಿಯುವುದಿಲ್ಲ. ಬ್ರಹ್ಮಾದಿಗಳು ದೂರ ನಿಲ್ಲುತ್ತಾರೆ, ಲಕ್ಷ್ಮಿಯೂ ಹತ್ತಿರ ಹೋಗಲು ಹೆದರುತ್ತಾಳೆ. ಹೋಗುವವನು ಪ್ರಹ್ಲಾದ ಒಬ್ಬನೇ. ಅಂದರೆ ಅವನ ಧೈರ್ಯ ರಕ್ಷಣೆಯಿಂದ ಹುಟ್ಟಿದ್ದಲ್ಲ. ರಕ್ಷಿಸಲು ಬಂದವನ ಎದುರು ನಿಲ್ಲುವುದಕ್ಕೂ ಅದೇ ಧೈರ್ಯ ಬೇಕಾಯಿತು. ಹರಿಕಥೆ ದಾಸರು ಈ ಭಾಗವನ್ನು ಬೇಗ ಮುಗಿಸಿ ಮಂಗಳ ಹಾಡಿಬಿಡುತ್ತಾರೆ ಎಂಬುದು ನನ್ನ ಹಳೆಯ ತಕರಾರು.

ಆದರೂ ನರಸಿಂಹ ಬಂದನಲ್ಲ. ಯಾರೂ ಬರುವುದಿಲ್ಲ ಎಂದು ಮೊದಲೇ ತಿಳಿದು ಧೈರ್ಯ ಕಟ್ಟಿಕೊಂಡವರ ಕತೆಗೆ ಶ್ರವಣಬೆಳಗೊಳಕ್ಕೆ ಹೋಗಬೇಕು. ಗೊಮ್ಮಟನಿರುವ ದೊಡ್ಡ ಬೆಟ್ಟಕ್ಕಲ್ಲ, ಎದುರಿನ ಚಿಕ್ಕಬೆಟ್ಟ ಚಂದ್ರಗಿರಿಗೆ. ಬಂದವರಲ್ಲಿ ಹೆಚ್ಚಿನವರು ದೊಡ್ಡ ಬೆಟ್ಟ ಹತ್ತಿಳಿದು ಮೊಣಕಾಲು ಹಿಡಿದುಕೊಂಡು ಊಟಕ್ಕೆ ಹೋಗುತ್ತಾರೆ. ಚಂದ್ರಗಿರಿ ಖಾಲಿ ಇರುತ್ತದೆ. ಅಲ್ಲಿಯ ಬಂಡೆಗಳ ಮೈತುಂಬ ಸಾವನ್ನು ಎದುರುಗೊಂಡವರ ಹೆಸರುಗಳಿವೆ. ಬಿ.ಎಲ್. ರೈಸ್ 1889ರಲ್ಲಿ ಶ್ರವಣಬೆಳಗೊಳದ 144 ಶಾಸನಗಳನ್ನು ಪ್ರಕಟಿಸಿದ. ಆರ್. ನರಸಿಂಹಾಚಾರ್ಯರು 1923ರಲ್ಲಿ ಅದನ್ನು 500ಕ್ಕೆ ಏರಿಸಿದರು. ಇವುಗಳಲ್ಲಿ ದೊಡ್ಡ ಪಾಲು ನಿಸಿದಿ ಶಾಸನಗಳು, ಅಂದರೆ ಅನ್ನ ನೀರು ಬಿಡುತ್ತಾ ಬಂದು ಸಾವನ್ನು ಎದುರುಗೊಳ್ಳುವ ಸಲ್ಲೇಖನದಿಂದ ಮುಡಿಪಿದವರ ನೆನಪಿನ ಬರಹಗಳು.

ಎಲ್ಲಕ್ಕಿಂತ ಹಳೆಯದು ಕ್ರಿ.ಶ. 600ರ ಸುಮಾರಿನದು. ಉಜ್ಜಯಿನಿಯಲ್ಲಿ ಭದ್ರಬಾಹು ಹನ್ನೆರಡು ವರ್ಷದ ಕ್ಷಾಮ ಬರಲಿದೆ ಎಂದು ಕಂಡು ಹೇಳಿದ್ದು, ಇಡೀ ಸಂಘ ಉತ್ತರದಿಂದ ದಕ್ಷಿಣಕ್ಕೆ ಹೊರಟು ಬಂದದ್ದು, ಈ ಕಟವಪ್ರ ಬೆಟ್ಟದಲ್ಲಿ ಆಚಾರ್ಯ ಪ್ರಭಾಚಂದ್ರ ತನಗೆ ಉಳಿದ ಆಯುಸ್ಸು ಸ್ವಲ್ಪವೆಂದು ತಿಳಿದು ಸಂಘವನ್ನೆಲ್ಲ ಕಳಿಸಿಕೊಟ್ಟು ಒಬ್ಬ ಶಿಷ್ಯನೊಡನೆ ಉಳಿದು ಸಮಾಧಿ ಹೊಂದಿದ್ದು ಅದರಲ್ಲಿದೆ. ಆ ಪ್ರಭಾಚಂದ್ರ ಚಂದ್ರಗುಪ್ತ ಮೌರ್ಯನೇ ಹೌದೋ ಅಲ್ಲವೋ ಎಂಬ ಜಗಳ ನೂರು ವರ್ಷದಿಂದ ನಡೆದಿದೆ. ನಮ್ಮ ಪ್ರಶ್ನೆಗೆ ಅದು ಬೇಕಿಲ್ಲ. ಬೇಕಾದದ್ದು ಬೇರೆ ಎರಡು ಸಂಗತಿ. ಬರಗಾಲ ಬರುತ್ತದೆ ಎಂದು ತಿಳಿದಾಗ ಆ ಜನ ಕೈಮುಗಿದು ಕೂರಲಿಲ್ಲ, ಗಂಟು ಕಟ್ಟಿಕೊಂಡು ನಡೆದರು. ಕೊನೆ ಬಂದಾಗ ಆಚಾರ್ಯ ಎಲ್ಲರನ್ನೂ ಕಳಿಸಿದರೂ ಒಬ್ಬನನ್ನು ಇಟ್ಟುಕೊಂಡ.

ಜೈನರಿಗೆ ಲೋಕವನ್ನು ಸೃಷ್ಟಿಸಿದ, ಕರೆದರೆ ಓಡಿಬರುವ ದೇವರಿಲ್ಲ. ತೀರ್ಥಂಕರ ದಾಟಿ ಹೋದವನು, ತಿರುಗಿ ಬಂದು ಕೈಹಿಡಿಯುವವನಲ್ಲ. ಹಾಗಿದ್ದೂ ಅನ್ನ ನೀರು ಬಿಡುತ್ತಾ ಬಂದು ಕಣ್ಣುಮುಚ್ಚುವ ಎದೆಗಾರಿಕೆ ಎಲ್ಲಿಂದ ಬಂತು? ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರ ಹೇಳುವ ಐದು ದೋಷಗಳನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ಬದುಕಬೇಕೆಂಬ ಆಸೆ ದೋಷ. ಬೇಗ ಸಾಯಬೇಕೆಂಬ ಆಸೆಯೂ ದೋಷ. ಭಯ ದೋಷ. ಗೆಳೆಯರನ್ನು ನೆನೆದು ಹಂಬಲಿಸುವುದು ದೋಷ. ಇದರಿಂದ ಮುಂದೆ ಇಂಥ ಫಲ ಸಿಗಲಿ ಎಂದು ಬಯಸುವುದೂ ದೋಷ. ಹರಕೆಯ ಲೆಕ್ಕಾಚಾರಕ್ಕೆ ಇದು ನೇರ ಎದುರು.

ಇಷ್ಟು ಕಠಿಣವಾದದ್ದನ್ನು ಒಬ್ಬನ ಮೇಲೆ ಹೊರಿಸಿ ಅವರು ಸುಮ್ಮನಾಗಲಿಲ್ಲ. ಭಗವತಿ ಆರಾಧನೆ ಎಂಬ ಗ್ರಂಥದ ಪ್ರಕಾರ ಸಲ್ಲೇಖನ ಹಿಡಿದವನ ಸುತ್ತ 48 ಮಂದಿ ನಿರ್ಯಾಪಕರು ಇರಬೇಕು. ಮೈ ಒತ್ತಲು ಕೆಲವರು, ಬಾಗಿಲು ಕಾಯಲು ಕೆಲವರು, ಧರ್ಮಕಥೆ ಹೇಳಲು ಕೆಲವರು. ಕಾಲ ಕೆಟ್ಟಿದ್ದರೆ ಸಂಖ್ಯೆ ಇಳಿಸುತ್ತಾ ಬರಬಹುದು. ಆದರೆ ಒಬ್ಬನೇ ಒಬ್ಬ ನಿರ್ಯಾಪಕ ಸಾಲದು. ನೋವು ಹೆಚ್ಚಿ ಮನಸ್ಸು ಅಲುಗಾಡಿದಾಗ ಹೇಳಲೆಂದೇ ಆ ಗ್ರಂಥದಲ್ಲಿ ‘ಕವಚ’ ಎಂಬ ಭಾಗವಿದೆ. ಅದರಲ್ಲಿ ಸೂಚಿತವಾದ ಹತ್ತೊಂಬತ್ತು ಮಂದಿಯ ಕತೆಗಳೇ ಕನ್ನಡದ ವಡ್ಡಾರಾಧನೆ. ಸುಕುಮಾರಸ್ವಾಮಿಯನ್ನು ನರಿ ಮರಿಗಳೊಡನೆ ತಿಂದದ್ದು, ಗುರುದತ್ತನ ಮೈಗೆ ಬೆಂಕಿ ಹಚ್ಚಿದ್ದು, ಭದ್ರಬಾಹು ಹಸಿವನ್ನು ಸಹಿಸಿದ್ದು. ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಗದ್ಯ ಕಥಾಗ್ರಂಥ ಹೀಗೆ ಸಾಯುವವನ ಪಕ್ಕ ಕೂತು ಹೇಳುವ ಕತೆಗಳ ಪರಂಪರೆಗೆ ಸೇರಿದ್ದು. ಎಂ.ಎ. ತರಗತಿಗಳಲ್ಲಿ ಅದನ್ನು ಭಾಷೆಗಾಗಿ ಓದಿಸುತ್ತಾರೆ, ಯಾಕಾಗಿ ಹುಟ್ಟಿತೆಂದು ಹೇಳುವವರು ಕಡಿಮೆ. ಷ. ಶೆಟ್ಟರ್ ಈ ಬೆಟ್ಟದ ಸಾವುಗಳನ್ನು ಕುರಿತು ದಶಕಗಟ್ಟಲೆ ಕೆಲಸ ಮಾಡಿ ಎರಡು ದೊಡ್ಡ ಪುಸ್ತಕ ಬರೆದರು. ಸಾವನ್ನು ಎದುರುಗೊಂಡವರ ಮನಸ್ಸಿಗಿಂತ ಆ ಸಾವನ್ನು ನಡೆಸಿಕೊಟ್ಟ ಸಮುದಾಯ ನನಗೆ ಅಲ್ಲಿ ಹೆಚ್ಚು ಕಾಣಿಸಿತು.

ಜೈನ ಉತ್ತರವನ್ನು ತೀರಾ ಶುದ್ಧ ಮಾಡಿಬಿಡುವುದೂ ತಪ್ಪು. ತೀರ್ಥಂಕರನಲ್ಲಿ ಕೇಳಬಾರದ್ದನ್ನು ಯಕ್ಷಿಯರಾದ ಪದ್ಮಾವತಿ, ಜ್ವಾಲಾಮಾಲಿನಿ, ಕೂಷ್ಮಾಂಡಿನಿಯರಲ್ಲಿ ಕೇಳುವ ರೂಢಿ ಬೆಳೆಯಿತು. ಚಾವುಂಡರಾಯನ ಕೊಡಗಟ್ಟಲೆ ಹಾಲು ಗೊಮ್ಮಟನ ಸೊಂಟದಿಂದ ಕೆಳಗಿಳಿಯದೆ, ಗುಳ್ಳಕಾಯಜ್ಜಿಯ ಹಿಡಿ ಹಾಲು ಪಾದ ಮುಟ್ಟಿದ ಕತೆಯಲ್ಲೂ ಅಜ್ಜಿಯಾಗಿ ಬಂದವಳು ಯಕ್ಷಿಯೇ. ಮನುಷ್ಯನಿಗೆ ಕೇಳುವುದಕ್ಕೆ ಯಾರಾದರೂ ಬೇಕು.

ಇದೇ ಶ್ರವಣಬೆಳಗೊಳದಲ್ಲಿ 1368ರ ಇನ್ನೊಂದು ಶಾಸನವಿದೆ. ಶ್ರೀವೈಷ್ಣವರಿಂದ ತಮಗೆ ಅನ್ಯಾಯವಾಗುತ್ತಿದೆ ಎಂದು ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹಗಳ ಜೈನರು ವಿಜಯನಗರದ ಬುಕ್ಕರಾಯನಿಗೆ ದೂರು ಕೊಟ್ಟರು. ಸಂಖ್ಯೆಯಲ್ಲೂ ಬಲದಲ್ಲೂ ಕುಗ್ಗಿದ್ದ ಜನ ಅವರು. ರಾಜ ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿಟ್ಟು, ಇಬ್ಬರ ದರ್ಶನಕ್ಕೂ ಭೇದವಿಲ್ಲವೆಂದು ಕಟ್ಟು ಮಾಡಿದ. ಅಷ್ಟಕ್ಕೇ ಬಿಟ್ಟಿದ್ದರೆ ಅದು ಭಾಷಣವಾಗುತ್ತಿತ್ತು. ರಾಜ್ಯದ ಜೈನರು ಮನೆಗೊಂದು ಹಣದಂತೆ ವರ್ಷಕ್ಕೆ ಕೊಡಬೇಕು, ಆ ಹಣದಲ್ಲಿ ವೈಷ್ಣವರ ಕಡೆಯ ತಿರುಮಲೆಯ ತಾತಯ್ಯ ಬೆಳಗೊಳದ ದೇವರ ಮೈಗಾವಲಿಗೆ ಇಪ್ಪತ್ತು ಆಳು ಇಡಬೇಕು, ಮಿಕ್ಕಿದ್ದರಲ್ಲಿ ಹಾಳಾದ ಬಸದಿಗಳಿಗೆ ಸುಣ್ಣ ಹೊಡೆಸಬೇಕು ಎಂದು ಬರೆಸಿದ. ನಂಬಿದ ದೇವರನ್ನು ಕಾಯಲು ಎದುರುಪಕ್ಷದ ಕಡೆಯಿಂದಲೇ ಕಾವಲು! ದೇವರ ಮೇಲೆ ಭಾರ ಹಾಕಿದವರು ಮನವಿಪತ್ರ ಬರೆಯುವುದನ್ನು ಮರೆಯಲಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ತಿಳಿಯದು.

ಕಾಲವನ್ನು ಜಿಗಿದು ಪ್ಲೇಗಿಗೆ ಬರೋಣ. ಮೈಸೂರು ಸಂಸ್ಥಾನಕ್ಕೆ ಅದು ಕಾಲಿಟ್ಟದ್ದು 1898ರಲ್ಲಿ. ಆಮೇಲೆ ಅರ್ಧ ಶತಮಾನ ಹೋಗುತ್ತಾ ಬರುತ್ತಾ ಇತ್ತು. ಇಲಿ ಬಿದ್ದರೆ ಊರು ಬಿಡಬೇಕು; ಹೊಲದಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರಬೇಕು. ಬೆಂಗಳೂರಿನಲ್ಲಿ ಪ್ಲೇಗಿನ ಹೆಸರಲ್ಲೇ ಮಾರಿಯಮ್ಮನ ಗುಡಿಗಳಾದವು. ಗುಡಿಯೂ ಎದ್ದಿತು, ಇನಾಕ್ಯುಲೇಷನ್ ಸೂಜಿಯೂ ಬಂತು, ಜನ ಊರೂ ಬಿಟ್ಟರು. ಮೂರೂ ಒಟ್ಟಿಗೆ ನಡೆಯಿತು. ವಿಜ್ಞಾನವೋ ದೇವರೋ ಎಂಬ ನಮ್ಮ ಈಗಿನ ಚರ್ಚೆ ಗುಡಿಸಲಲ್ಲಿದ್ದವರಿಗೆ ಅರ್ಥವಾಗುತ್ತಿರಲಿಲ್ಲ.

ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದ ಎಸ್.ಎಲ್. ಭೈರಪ್ಪನವರು ಎಳವೆಯಲ್ಲೇ ತಾಯಿಯನ್ನೂ ಒಡಹುಟ್ಟಿದವರನ್ನೂ ಪ್ಲೇಗಿಗೆ ಕಳೆದುಕೊಂಡವರು. 2025ರ ಸೆಪ್ಟೆಂಬರ್ 24ರಂದು ಅವರು ತೀರಿಕೊಂಡಾಗ ಎಲ್ಲರೂ ಪರ್ವ, ದಾಟು, ಆವರಣ ಎಂದರು. ಈ ಸೀಮೆಯ ಮಟ್ಟಿಗೆ ಅವರ ದೊಡ್ಡ ಪುಸ್ತಕ 1970ರ ಗೃಹಭಂಗ. ಅದರ ನಂಜಮ್ಮ ಶಾನುಭೋಗಿಕೆಯ ಲೆಕ್ಕವನ್ನು ಕೈಲಾಗದ ಗಂಡನ ಬದಲು ತಾನೇ ಬರೆಯುತ್ತಾಳೆ, ಮುತ್ತುಗದ ಎಲೆ ಹಚ್ಚಿ ಮಾರುತ್ತಾಳೆ. ಮದುವೆಯಾದ ಮಗಳು ಪಾರ್ವತಿ, ಓದುತ್ತಿದ್ದ ಮಗ ರಾಮಣ್ಣ ಇಬ್ಬರೂ ಹತ್ತಿರ ಹತ್ತಿರವೇ ಪ್ಲೇಗಿನಲ್ಲಿ ಹೋಗುತ್ತಾರೆ. ಆಮೇಲೂ ಆಕೆ ಎದ್ದು ಕೂರುತ್ತಾಳೆ. ಕಡೆಗೆ ಆಕೆಯನ್ನೂ ಅದೇ ರೋಗ ಒಯ್ಯುತ್ತದೆ. ಕಾದಂಬರಿಯಲ್ಲಿ ಯಾವ ದೇವರೂ ಬರುವುದಿಲ್ಲ. ಬರುವವನು ಮಹಾದೇವಯ್ಯ, ಗುಡಿಯಲ್ಲಿ ಇರುವ, ಊರೂರು ಭಿಕ್ಷೆ ಎತ್ತುವ ಅಯ್ಯನವರು. ಉಪದೇಶಕ್ಕಿಂತ ಹೆಚ್ಚಾಗಿ ಆತ ಮಾಡುವುದು ಬಂದು ಕೂರುವುದು. ಕೊನೆಯಲ್ಲಿ ಉಳಿದ ಮಗ ವಿಶ್ವನ ಕೈಹಿಡಿದು ಊರು ಬಿಡುವವನೂ ಆತನೇ. ಭೈರಪ್ಪನವರ ಇತರ ಕಾದಂಬರಿಗಳ ವಾದಗಳನ್ನು ಒಪ್ಪದವರೂ ಈ ಪುಸ್ತಕದ ಮುಂದೆ ಸುಮ್ಮನಾಗುತ್ತಾರೆ. ಯಾಕೆಂದರೆ ಇದು ವಾದ ಹೂಡುವುದಿಲ್ಲ. ನಂಜಮ್ಮನ ಧೈರ್ಯಕ್ಕೆ ನಂಬಿಕೆ ಕಾರಣವೋ, ನಾಳೆ ಮುಗಿಸಬೇಕಾದ ಲೆಕ್ಕದ ಪುಸ್ತಕ ಕಾರಣವೋ ಎಂದು ಬಿಡಿಸಿ ತೋರಿಸುವುದೂ ಇಲ್ಲ.

ಊರು ಬಿಡಿಸಿದ್ದು ರೋಗವೊಂದೇ ಅಲ್ಲ, ನೀರೂ ಬಿಡಿಸಿತು. ಹೇಮಾವತಿಗೆ ಗೊರೂರಿನಲ್ಲಿ ಅಣೆಕಟ್ಟು ಮುಗಿದದ್ದು 1979ರಲ್ಲಿ. ಜಲಾಶಯದ ಸಾಮರ್ಥ್ಯ ಸುಮಾರು 37 ಟಿಎಂಸಿ. ಅದರ ಹಿನ್ನೀರಿನಲ್ಲಿ ಮುಳುಗಿದ ಊರುಗಳಲ್ಲಿ ಶೆಟ್ಟಿಹಳ್ಳಿಯೂ ಒಂದು. ಫ್ರೆಂಚ್ ಮಿಷನರಿಗಳು 1860ರ ಸುಮಾರಿಗೆ ಕಟ್ಟಿದ ರೋಸರಿ ಚರ್ಚಿನ ಗೋಡೆಗಳು ಈಗಲೂ ಮಳೆಗಾಲದಲ್ಲಿ ಅರ್ಧ ನೀರಲ್ಲಿ, ಬೇಸಿಗೆಯಲ್ಲಿ ಬಯಲಲ್ಲಿ. ಫೋಟೊ ತೆಗೆಯುವವರಿಗೆ ಅದು ಸುಂದರ ಪಾಳು. ಊರವರಿಗೆ ಅದು ಹೊಸ ಜಾಗಕ್ಕೆ ಹೋಗಿ ಮತ್ತೆ ಗಂಟೆ ಕಟ್ಟಿದ ನೆನಪು. ಮುಳುಗಡೆಯ ಜನ ಕೇಳುವ ಪ್ರಶ್ನೆಗಳಲ್ಲಿ ದೇವರನ್ನು ಎಲ್ಲಿ ಇಡುವುದು ಎಂಬುದೂ ಒಂದು. ಪರಿಹಾರದ ಅರ್ಜಿ ನಮೂನೆಯಲ್ಲಿ ಅದಕ್ಕೆ ಕಲಮು ಇರುವುದಿಲ್ಲ.

ಈಗ ಹೊಸ ಭಯ. 2025ರ ಮೇ ಕೊನೆಯಿಂದ ಜೂನ್ ತಿಂಗಳುದ್ದಕ್ಕೂ ಹಾಸನ ಜಿಲ್ಲೆಯಲ್ಲಿ ಹೃದಯಾಘಾತದ ಸಾವುಗಳು ಒಂದರ ಹಿಂದೆ ಒಂದು ಸುದ್ದಿಯಾದವು. ಸುಮಾರು ನಲವತ್ತು ದಿನದಲ್ಲಿ 20ಕ್ಕೂ ಹೆಚ್ಚು ಮಂದಿ, ಅವರಲ್ಲಿ ಹರೆಯದವರೂ ಇದ್ದರು. ಜನ ಬೆಳಗಿನ ಜಾವವೇ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲು ನಿಂತರು. ಸರ್ಕಾರ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದ ಸಮಿತಿ ನೇಮಿಸಿತು. ಹಿಂದಿನ ವರ್ಷಗಳಿಗೆ ಹೋಲಿಸಿದರೆ ಅಸಹಜ ಏರಿಕೆಯೇನೂ ಇಲ್ಲ ಎಂದು ಸಮಿತಿ ಹೇಳಿತು. ಭಯ ಸಮಿತಿಯ ವರದಿ ಓದುವುದಿಲ್ಲ. ಎದೆಯಲ್ಲಿ ಗ್ಯಾಸು ಕಟ್ಟಿದರೂ ಆ ತಿಂಗಳು ಹಾಸನದವರ ಕೈ ದೇವರ ಫೋಟೊದ ಕಡೆ ಹೋಗುತ್ತಿತ್ತು.

ಹೃದಯಕ್ಕೂ ಪ್ರಾರ್ಥನೆಗೂ ಇರುವ ಸಂಬಂಧವನ್ನು ಅಳತೆ ಮಾಡಿ ನೋಡಿದವರಿದ್ದಾರೆ. ಅಮೆರಿಕದ ಹರ್ಬರ್ಟ್ ಬೆನ್ಸನ್ ತಂಡ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೈಪಾಸ್ ಶಸ್ತ್ರಚಿಕಿತ್ಸೆಯ 1,802 ರೋಗಿಗಳಿದ್ದರು. ಅಪರಿಚಿತರು ಅವರಲ್ಲಿ ಹಲವರಿಗಾಗಿ ಪ್ರಾರ್ಥಿಸಿದರು. ಪ್ರಾರ್ಥನೆಯಿಂದ ಯಾವ ಲಾಭವೂ ಕಾಣಲಿಲ್ಲ. ಇನ್ನೊಂದು ವಿಚಿತ್ರವೆಂದರೆ, ನಿಮಗಾಗಿ ಖಂಡಿತ ಪ್ರಾರ್ಥನೆ ನಡೆದಿದೆ ಎಂದು ತಿಳಿಸಿದವರಲ್ಲಿ ನೂರಕ್ಕೆ 59 ಮಂದಿಗೆ ತೊಡಕಾಯಿತು. ಪ್ರಾರ್ಥನೆ ನಡೆದಿದ್ದರೂ ಅದು ಖಚಿತವಾಗಿ ಗೊತ್ತಿರದವರಲ್ಲಿ 52. ನನ್ನ ಸ್ಥಿತಿ ಅಷ್ಟು ಕೆಟ್ಟಿದೆಯೇ ಎಂಬ ದಿಗಿಲು ಇದಕ್ಕೆ ಕಾರಣವಿರಬಹುದು ಎಂಬ ಊಹೆ ಬಂತು. ಆಸ್ತಿಕರಿಗೂ ನಾಸ್ತಿಕರಿಗೂ ಇದರಿಂದ ಪೂರ್ತಿ ಸಂತೋಷವಾಗಲಿಲ್ಲ. ನನಗೆ ಕಾಣುವಂತೆ, ಗುರುತು ಪರಿಚಯವಿಲ್ಲದವರು ದೂರದಿಂದ ಮಾಡುವ ಪ್ರಾರ್ಥನೆಯನ್ನು ಅಳೆದದ್ದೇ ತಪ್ಪು ಜಾಗ. ಪಕ್ಕದಲ್ಲಿ ಕೂತವರನ್ನು ಅಳೆಯಬೇಕಿತ್ತು.

ಮನಶ್ಶಾಸ್ತ್ರಜ್ಞ ಕೆನೆತ್ ಪಾರ್ಗಮೆಂಟ್ ಹೆಚ್ಚು ಉಪಯೋಗಕ್ಕೆ ಬರುತ್ತಾರೆ. ಕಷ್ಟದಲ್ಲಿ ದೇವರನ್ನು ನಂಬುವ ಬಗೆಗಳನ್ನು ಅವರು 1988ರಲ್ಲೇ ಮೂರಾಗಿ ಬಿಡಿಸಿದರು. ಎಲ್ಲವನ್ನೂ ದೇವರಿಗೆ ಬಿಟ್ಟು ಸುಮ್ಮನಾಗುವುದು, ದೇವರು ಬುದ್ಧಿ ಕೊಟ್ಟಿದ್ದಾನೆ ಇನ್ನು ನಾನೇ ನೋಡಿಕೊಳ್ಳುತ್ತೇನೆ ಎನ್ನುವುದು, ದೇವರೂ ನಾನೂ ಕೂಡಿ ಮಾಡುತ್ತೇವೆ ಎನ್ನುವುದು. ಹಲವು ಅಧ್ಯಯನಗಳಲ್ಲಿ ಈ ಮೂರನೆಯವರ ಪಾಡು ಮೊದಲಿನವರಿಗಿಂತ ಮೇಲು. 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅವರ ತಂಡ 596 ಮಂದಿ ಹಿರಿಯ ರೋಗಿಗಳನ್ನು ಎರಡು ವರ್ಷ ಹಿಂಬಾಲಿಸಿ ಇನ್ನೊಂದನ್ನು ಕಂಡಿತು. ದೇವರು ನನ್ನ ಕೈಬಿಟ್ಟ, ನನ್ನನ್ನು ಶಿಕ್ಷಿಸುತ್ತಿದ್ದಾನೆ ಎಂದು ಒಳಗೇ ಕೊರಗಿದವರಲ್ಲಿ ಸಾವಿನ ಅಪಾಯ ಹೆಚ್ಚಿತ್ತು. ಈಡೇರದ ಹರಕೆಯ ತಾಯಿಯ ಬಗ್ಗೆ ಮುಂದೆ ಬರುತ್ತೇನೆ ಎಂದದ್ದು ಇದಕ್ಕೇ. ನಂಬಿಕೆ ಧೈರ್ಯ ಕೊಡುವಂತೆ ಕಸಿಯಲೂ ಬಲ್ಲದು.

ನಮ್ಮಲ್ಲಿ ಇದಕ್ಕೊಂದು ಮದ್ದು ಇತ್ತು. ದೇವರನ್ನು ಬೈಯುವುದು. ದಾಸರಲ್ಲಿ ನಿಂದಾಸ್ತುತಿ ಒಂದು ಪ್ರಕಾರವೇ ಆಯಿತು. ಹಳ್ಳಿಯಲ್ಲಿ ಅದಕ್ಕೆ ರಾಗ ತಾಳ ಬೇಕಿಲ್ಲ. ‘ನಿನ್ ಕಣ್ಣೇನ್ ಇಂಗೋದ್ವಾ, ನಮ್ಮನೇನೇ ಕಂಡಿದ್ದಾ ನಿಂಗೆ’ ಎಂದು ಮನೆದೇವರ ಮುಂದೆ ನಿಂತು ಜಗಳ ತೆಗೆಯುವ ಹೆಂಗಸರನ್ನು ಈ ಕಡೆಯವರೆಲ್ಲ ಕಂಡಿದ್ದಾರೆ. ಬೈದಮೇಲೆ ದೀಪ ಹಚ್ಚಿಯೇ ಹೋಗುತ್ತಾರೆ. ಬೈಯುವವಳಿಗೆ ಬೈಸಿಕೊಳ್ಳುವವನು ಇನ್ನೂ ಅಲ್ಲಿದ್ದಾನೆ; ಪಾಪ ನನ್ನದೇ ಎಂದು ಸುಮ್ಮನಾದವಳಿಗೆ ಅವನೂ ಇಲ್ಲ. ಈಚಿನ ಪ್ರವಚನಕಾರರು ಸಕಾರಾತ್ಮಕವಾಗಿರಿ, ದೂರಬೇಡಿ ಎಂದು ಕಲಿಸುತ್ತಿರುವುದು ನೋಡಿದರೆ ಇರುವ ಮದ್ದನ್ನೂ ಚೆಲ್ಲುತ್ತಿದ್ದಾರೆ ಅನಿಸುತ್ತದೆ.

ಪಕ್ಕದಲ್ಲಿ ಕೂತವರನ್ನು ಅಳೆದವರೂ ಇಲ್ಲದಿಲ್ಲ, ಅದೂ ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನವರು. ಆರ್. ರಘುರಾಮ್ ಮತ್ತು ಜೊತೆಗಾರರು ತಮಿಳುನಾಡಿನ ಒಂದು ಗುಡಿಗೆ ತೀವ್ರ ಮಾನಸಿಕ ಕಾಯಿಲೆಯೊಡನೆ ಬಂದು ತಂಗಿದ್ದ 31 ಜನರನ್ನು ಗಮನಿಸಿ 2002ರಲ್ಲಿ ವರದಿ ಬರೆದರು. ಅಲ್ಲಿ ಸರಪಳಿಯಿಲ್ಲ, ಹೊಡೆತವಿಲ್ಲ, ವಿಶೇಷ ಮಂತ್ರವೂ ಇಲ್ಲ. ಮನೆಯವರೊಬ್ಬರು ಜೊತೆಗಿರುತ್ತಾರೆ, ಗುಡಿಯ ಸಣ್ಣಪುಟ್ಟ ಕೆಲಸದಲ್ಲಿ ಕೈಸೇರಿಸುತ್ತಾರೆ. ಕೆಲವು ವಾರಗಳಲ್ಲಿ ರೋಗಲಕ್ಷಣದ ಅಂಕ ಸುಮಾರು ಐದರಲ್ಲೊಂದು ಭಾಗ ಇಳಿದಿತ್ತು. ಅದರ ಹಿಂದಿನ ವರ್ಷವೇ, 2001ರ ಆಗಸ್ಟ್ 6ರಂದು, ಅದೇ ತಮಿಳುನಾಡಿನ ಏರ್ವಾಡಿ ದರ್ಗಾದ ಬಳಿ ಗುಡಿಸಲಿಗೆ ಬೆಂಕಿ ಬಿದ್ದು ಸರಪಳಿ ಬಿಗಿದಿದ್ದ ಮಾನಸಿಕ ರೋಗಿಗಳು ಓಡಲಾಗದೆ, 28 ಮಂದಿ ಸತ್ತರು. ಎರಡೂ ಕಡೆ ಜನ ಬಂದದ್ದು ದೇವರನ್ನು ನಂಬಿಯೇ. ಒಂದು ಕಡೆ ನಂಬಿಕೆ ಒಡನಾಟವಾಗಿತ್ತು, ಇನ್ನೊಂದು ಕಡೆ ಆರೈಕೆಗೆ ಬದಲಿಯಾಗಿತ್ತು.

ಇಷ್ಟೆಲ್ಲ ಸುತ್ತಿದ ಮೇಲೂ ಈ ಸೀಮೆಯ ಅತಿ ಕಷ್ಟದ ಪ್ರಶ್ನೆ ಹಾಗೇ ಇದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಅದಕ್ಕೆ ಮೊದಲಿನ ದಶಕದ ಬರಗಳಲ್ಲೇ ಚನ್ನರಾಯಪಟ್ಟಣ, ಅರಸೀಕೆರೆ ಕಡೆ ತೆಂಗಿನ ತೋಟಗಳು ಒಣಗಿ ನಿಂತಿದ್ದವು. ರಾಗಿ ಹೋದರೆ ಒಂದು ವರ್ಷ ಹೋಯಿತು ಅಷ್ಟೆ. ತೆಂಗು ಹೋದರೆ ತಂದೆ ನೆಟ್ಟದ್ದು ಹೋದಂತೆ. ಹಿಂದೆ ಮಳೆ ಕೈಕೊಟ್ಟಾಗ ಮಕ್ಕಳು ಮಣೆಯ ಮೇಲೆ ಮಳೆರಾಯನನ್ನು ಹೊತ್ತು ಮನೆಮನೆಗೆ ಹೋಗುತ್ತಿದ್ದರು. ಮನೆಯವರು ನೀರು ಹೊಯ್ದು ಕಾಳು ಕೊಡುತ್ತಿದ್ದರು, ಆ ಕಾಳಲ್ಲಿ ಊರೆಲ್ಲ ಒಟ್ಟಿಗೆ ಉಣ್ಣುತ್ತಿತ್ತು. ಮಳೆ ಬಂತೋ ಇಲ್ಲವೋ, ಯಾರ ಮನೆಯಲ್ಲಿ ಕಾಳಿಲ್ಲ ಎಂಬುದು ಅವತ್ತು ಊರಿಗೆ ಗೊತ್ತಾಗುತ್ತಿತ್ತು. ಈಗಿನ ಸಾಲ ಬ್ಯಾಂಕಿನ ಮೆಸೇಜಿನಲ್ಲಿ ಬರುತ್ತದೆ, ಹೆಂಡತಿಗೂ ಗೊತ್ತಾಗುವುದಿಲ್ಲ. ವಿಷದ ಬಾಟಲಿ ಹಿಡಿದ ರೈತನ ಜೇಬಲ್ಲಿ ಕುಂಕುಮದ ಪೊಟ್ಟಣ ಇರುವುದುಂಟು. ಅವನಿಗೆ ದೇವರಲ್ಲಿ ನಂಬಿಕೆ ಇರಲಿಲ್ಲ ಎಂದು ಹೇಳುವ ಧೈರ್ಯ ಯಾರಿಗಿದೆ? ಅವನಿಗೆ ಇಲ್ಲದೆ ಹೋದದ್ದು ನಿರ್ಯಾಪಕ.

ಸಲ್ಲೇಖನವೂ ಆತ್ಮಹತ್ಯೆಯೇ ಅಲ್ಲವೇ ಎಂದು ಕೇಳುವವರಿದ್ದಾರೆ. ರಾಜಸ್ಥಾನ ಹೈಕೋರ್ಟ್ 2015ರ ಆಗಸ್ಟ್ 10ರಂದು ಹಾಗೆಯೇ ತೀರ್ಪು ಕೊಟ್ಟಿತು. ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಹಾಕಿತು. ಕಾನೂನಿನ ಮಾತು ಕಾನೂನು ಬಲ್ಲವರಿಗೆ. ಸಮಂತಭದ್ರರು ಹಾಕಿದ ಷರತ್ತು ಮಾತ್ರ ಸ್ಪಷ್ಟವಾಗಿದೆ. ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಇವು ಯಾವ ಪರಿಹಾರವೂ ಇಲ್ಲದ ಹಂತ ಮುಟ್ಟಿದಾಗ ಮಾತ್ರ ಅದಕ್ಕೆ ಅವಕಾಶ. ಪರಿಹಾರ ಇದೆಯೋ ಇಲ್ಲವೋ ಎಂದು ತೀರ್ಮಾನಿಸುವುದು ನೊಂದವನೊಬ್ಬನ ಕೈಯಲ್ಲಿಲ್ಲ, ಗುರು ಒಪ್ಪಬೇಕು. ಆ ಸಮಂತಭದ್ರರ ಬಗೆಗೇ ಜೈನರಲ್ಲಿ ಒಂದು ಕತೆಯಿದೆ. ಅವರಿಗೆ ಭಸ್ಮಕ ರೋಗ ಬಂತು; ಎಷ್ಟು ಉಂಡರೂ ಉರಿದು ಹೋಗುವ ಹಸಿವು. ಮುನಿಯ ವ್ರತ ಹಿಡಿದು ಬದುಕುವುದು ಆಗದೆ ಸಲ್ಲೇಖನಕ್ಕೆ ಅಪ್ಪಣೆ ಕೊಡಿ ಎಂದು ಗುರುವಿನ ಬಳಿ ಹೋದರು. ಗುರು ಕೊಡಲಿಲ್ಲ. ನಿನ್ನಿಂದ ಆಗಬೇಕಾದ ಕೆಲಸ ಬಹಳ ಇದೆ, ಬೇಕಾದರೆ ಮುನಿವೇಷ ಬಿಡು, ಎಲ್ಲಾದರೂ ಹೊಟ್ಟೆತುಂಬ ಉಂಡು ರೋಗ ಕಳೆದುಕೊಂಡು ಬಾ ಎಂದು ಕಳಿಸಿದರು. ಸಮಂತಭದ್ರರು ಹೋಗಿ ಶಿವನ ಗುಡಿಯೊಂದರಲ್ಲಿ ನೈವೇದ್ಯ ಉಂಡುಕೊಂಡು ಇದ್ದರಂತೆ, ಗುಣವಾದ ಮೇಲೆ ತಿರುಗಿ ದೀಕ್ಷೆ ಪಡೆದರಂತೆ. ಅವರು ಭಸ್ಮಕವನ್ನು ಗೆದ್ದ ಮಾತು ಚಂದ್ರಗಿರಿಯ ಪಾರ್ಶ್ವನಾಥ ಬಸದಿಯಲ್ಲಿರುವ 1129ರ ಮಲ್ಲಿಷೇಣ ಪ್ರಶಸ್ತಿಯಲ್ಲೂ ಇದೆ.